ಯಳವತ್ತಿಯ ಟ್ಯಾಂಕ್ ಕಟ್ಟಿದ್ದು ಯಾರು?

ಕಳೆದ ತಿಂಗಳು ಒಬ್ಬರು ತಾಯಿ ಫೋನ್ ಮಾಡಿದ್ದರು. ಮಗ ಸಿವಿಲ್ ಇಂಜಿನಿಯರ್, ದಮ್ಮಾಮಿನಲ್ಲಿ ಕೆಲಸ. ಆಸ್ಟ್ರೇಲಿಯಾಕ್ಕೆ ಹೋಗಬೇಕೆಂದು ಆಸೆ. ‘‘ಅದಕ್ಕೆ ಒಂದು ರಿಪೋರ್ಟ್ ಬೇಕಂತೆ. ಬರೆದು ಕೊಡುವವರು ಇದ್ದಾರಂತೆ, ಆದರೆ ತುಂಬ ಹಣ ಕೇಳ್ತಾರೆ. ಕೊಡುವುದಾ ಬೇಡ್ವಾ, ನೀವೇ ಹೇಳಿ’’ ಅಂದರು. ಕೈಯ ಬಳೆ ಅಡವಿಟ್ಟಾದರೂ ಕೊಡಲು ತಯಾರಿದ್ದ ಧ್ವನಿ ಅದು.

ಕೊಡಬೇಡಿ ಎಂದೆವು. ಮಗನ ಹತ್ತಿರ ನಾವೇ ಮಾತಾಡುತ್ತೇವೆ ಎಂದೆವು.

ಹುಡುಗ ರಾತ್ರಿ ವಾಟ್ಸ್‌ಆ್ಯಪಿನಲ್ಲಿ ಸಿಕ್ಕಿದ. ಏಜೆಂಟ್ ಕಳಿಸಿದ ಮಾದರಿ ರಿಪೋರ್ಟನ್ನು ಫಾರ್ವರ್ಡ್ ಮಾಡಿದ. ಒಂದು ದೊಡ್ಡ ನಗರದ ಮೇಲ್ಸೇತುವೆಯ ಕಥೆ. ಚಂದದ ಇಂಗ್ಲಿಷ್. ಆ ಸೇತುವೆಯನ್ನು ನೀನು ನೋಡಿದ್ದೀಯಾ ಎಂದು ಕೇಳಿದರೆ, ‘‘ಇಲ್ಲ ಸರ್, ಹೆಸರು ಮಾತ್ರ ನನ್ನದು ಹಾಕ್ತಾರಂತೆ’’ ಎಂದ. ಹಾಗಾದರೆ ನೀನು ನಿಜವಾಗಿ ಮಾಡಿದ್ದು ಎಂಥದು? ‘‘ಹೇಳುವಂಥದ್ದು ಎಂಥದೂ ಇಲ್ಲ ಸರ್. ಗಲ್ಫಿಗೆ ಬರುವ ಮೊದಲು ಎರಡು ವರ್ಷ ಗದಗ ಕಡೆ ಇದ್ದೆ. ಲಕ್ಷ್ಮೇಶ್ವರದ ಹತ್ತಿರ ಯಳವತ್ತಿ ಅಂತ ಒಂದು ಊರು. ಅಲ್ಲಿ ಒಂದು ನೀರಿನ ಟ್ಯಾಂಕ್ ಕಟ್ಟಿದೆವು, ಅಷ್ಟೇ.’’

ಆ ‘ಅಷ್ಟೇ’ಯ ಒಳಗೆ ಏನೇನು ಉಂಟು ಎಂದು ಕೆದಕಿದಾಗ ನಮಗೇ ಆಶ್ಚರ್ಯವಾಯಿತು. ಕರಾವಳಿಯ ಹುಡುಗ, ಕೆಂಪುಕಲ್ಲಿನ ನೆಲ ಬಿಟ್ಟು ಬೇರೆ ಮಣ್ಣು ಕಂಡವನಲ್ಲ. ಅಲ್ಲಿ ಸಿಕ್ಕಿದ್ದು ಎರೆ ಹೊಲ. ಪಾಯದ ಗುಂಡಿ ತೋಡುವಾಗ ಪಕ್ಕದ ಹೊಲದ ಹಿರಿಯರು ಬಂದು, ‘‘ಇದು ಎರಿ ನೆಲ ರೀ ಸಾಹೇಬ್ರ, ಬ್ಯಾಸಿಗ್ಯಾಗ ಬಾಯಿ ಬಿಡತೈತಿ, ಮಳಿ ಬಿದ್ರ ಉಬ್ಬತೈತಿ. ನಮ್ಮ ಮನಿ ಗ್ವಾಡಿ ನೋಡ್ರಿ ಬರ್ರಿ’’ ಎಂದು ಕರೆದೊಯ್ದು ಸೀಳಿದ ಗೋಡೆ ತೋರಿಸಿದರಂತೆ. ನಕ್ಷೆಯಲ್ಲಿ ಬರೆದ ಆಳಕ್ಕೆ ಹೋದಾಗ ಮೂರು ಮೂಲೆಯಲ್ಲಿ ಗಟ್ಟಿ ಗೊರಸು ಸಿಕ್ಕಿತು, ನಾಲ್ಕನೆಯದರಲ್ಲಿ ಇನ್ನೂ ಕಪ್ಪು ಮಣ್ಣೇ. ಮರುದಿನ ಕಾಂಕ್ರೀಟ್ ಹಾಕಲು ಮೇಸ್ತ್ರಿ ತಯಾರಿದ್ದ. ಹುಡುಗ ಕೆಲಸ ನಿಲ್ಲಿಸಿದ. ಮಣ್ಣಿನ ಮಾದರಿಯನ್ನು ಲ್ಯಾಬಿಗೆ ಕಳಿಸಿ ಉಬ್ಬುವ ಗುಣದ ಪರೀಕ್ಷೆ ಮಾಡಿಸಿದ, ಫಲಿತಾಂಶ ಹಿಡಿದು ಡಿಸೈನ್ ಮಾಡಿದವರ ಜತೆ ಕೂತ, ಪಾಯವನ್ನು ಇನ್ನಷ್ಟು ಕೆಳಗೆ ಇಳಿಸಿದ. ತಡವಾದದ್ದಕ್ಕೆ ಕಂಟ್ರಾಕ್ಟರರಿಂದ ಬೈಗುಳವೂ ತಿಂದ.

ಮಾರಾಯ, ಅವರು ಕೇಳುವುದು ಇದನ್ನೇ ಅಲ್ವಾ!

ವಿಷಯ ಗೊತ್ತಿಲ್ಲದ ಮನೆಯವರಿಗಾಗಿ ಸ್ವಲ್ಪ ಹೇಳಬೇಕು. ಇಂಜಿನಿಯರ್ ಎಂಬ ನೆಲೆಯಲ್ಲಿ ಆಸ್ಟ್ರೇಲಿಯಾದ ಕಾಯಂ ವಾಸದ ವೀಸಾಕ್ಕೆ ಅರ್ಜಿ ಹಾಕುವವರು ಮೊದಲು ‘ಇಂಜಿನಿಯರ್ಸ್ ಆಸ್ಟ್ರೇಲಿಯಾ’ ಎಂಬ ಸಂಸ್ಥೆಯಿಂದ ತಮ್ಮ ಕೌಶಲದ ಮೌಲ್ಯಮಾಪನ ಮಾಡಿಸಿಕೊಳ್ಳಬೇಕು. ವಾಷಿಂಗ್ಟನ್ ಒಪ್ಪಂದದ ಅಡಿ ಮಾನ್ಯತೆ ಇರುವ ಪದವಿಯವರಿಗೆ ದಾರಿ ಸುಲಭ. ಭಾರತ ಆ ಒಪ್ಪಂದದ ಪೂರ್ಣ ಸದಸ್ಯನಾದದ್ದು 2014ರ ಜೂನ್‌ನಲ್ಲಿ. ಆದರೆ ಅದರ ಲಾಭ ಸಿಗುವುದು ನಮ್ಮ ಎನ್‌ಬಿಎ ‘ಟಯರ್-1’ ಎಂದು ಮಾನ್ಯ ಮಾಡಿದ ಕೋರ್ಸುಗಳಿಗೆ ಮಾತ್ರ. ವಿಟಿಯುಗೆ ಸೇರಿದ, ಸ್ವಾಯತ್ತತೆ ಇಲ್ಲದ ಕಾಲೇಜುಗಳು ಅದರಲ್ಲಿ ಬರುವುದಿಲ್ಲ. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಕಲಿತದ್ದು ಅಂಥ ಕಾಲೇಜುಗಳಲ್ಲೇ. ಅವರು ಸಿಡಿಆರ್, ಅಂದರೆ ಕಾಂಪಿಟೆನ್ಸಿ ಡೆಮಾನ್‌ಸ್ಟ್ರೇಶನ್ ರಿಪೋರ್ಟ್ ಬರೆಯಬೇಕು. ಕಾಲೇಜಿನ ಹೆಸರು ನೋಡಿದರೆ ಸಾಲದು, ನಿಮ್ಮ ಬ್ರಾಂಚಿಗೆ, ನೀವು ಪಾಸಾದ ವರ್ಷಕ್ಕೆ ಮಾನ್ಯತೆ ಇತ್ತಾ ಎಂದು ಎನ್‌ಬಿಎ ಪಟ್ಟಿಯಲ್ಲಿ ನೋಡಿಕೊಳ್ಳಿ.

ಎನ್‌ಬಿಎ ಎಂಬ ಮೂರಕ್ಷರದ ಬೆಲೆ ನಮ್ಮವರಿಗೆ ಗೊತ್ತಾದದ್ದು 2018ರಲ್ಲಿ, ಕುವೈತ್‌ನಿಂದ. ಇಂಜಿನಿಯರುಗಳ ಇಖಾಮ ನವೀಕರಣಕ್ಕೆ ಕುವೈತ್ ಸೊಸೈಟಿ ಆಫ್ ಇಂಜಿನಿಯರ್ಸ್‌ನ ಒಪ್ಪಿಗೆ ಬೇಕು, ಅವರು ಎನ್‌ಬಿಎ ಪಟ್ಟಿಯನ್ನೇ ನೋಡುತ್ತಾರೆ ಎಂದಾದಾಗ ಹತ್ತಿಪ್ಪತ್ತು ವರ್ಷ ದುಡಿದವರೂ ಕಕ್ಕಾಬಿಕ್ಕಿಯಾದರು. ಎನ್‌ಬಿಎ ಹುಟ್ಟಿದ್ದೇ 1994ರಲ್ಲಿ. ಅದಕ್ಕಿಂತ ಮೊದಲು ಪಾಸಾದವರು ಎಲ್ಲಿಂದ ತರುವುದು? ಎಷ್ಟೋ ಜನ ವೀಸಾದಲ್ಲಿ ‘ಇಂಜಿನಿಯರ್’ ತೆಗೆಸಿ ಬೇರೆ ಹುದ್ದೆಯ ಹೆಸರು ಬರೆಸಿಕೊಂಡರು. ಅಲ್ಲಿ ಮಾತು ಹೇಳಲು ಅವಕಾಶವೇ ಇರಲಿಲ್ಲ. ಪಟ್ಟಿಯಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಸಿಡಿಆರ್ ಹಾಗಲ್ಲ. ನಿನ್ನ ಕಾಲೇಜು ಪಟ್ಟಿಯಲ್ಲಿ ಇಲ್ಲ, ಪರವಾಗಿಲ್ಲ, ನೀನು ಏನು ಮಾಡಿದ್ದೀ ಹೇಳು ಎಂದು ಅದು ಕೇಳುತ್ತದೆ. ಹಾಗೆ ಕೇಳುವಾಗ ಬೇರೆಯವನ ಕಥೆ ಹೇಳುವುದೆಂದರೆ!

ರಿಪೋರ್ಟಿನ ಮುಖ್ಯ ಭಾಗ ಮೂರು ಪ್ರಸಂಗಗಳು. ಒಂದೊಂದೂ ಸಾವಿರದಿಂದ ಎರಡೂವರೆ ಸಾವಿರ ಪದ. ಕೆಲಸ ಎಲ್ಲಿ, ಯಾವಾಗ, ನಿಮ್ಮ ಹುದ್ದೆ ಯಾವುದು ಎಂದು ಚಿಕ್ಕದಾಗಿ ಹೇಳಿ, ನೀವು ಸ್ವತಃ ಮಾಡಿದ್ದನ್ನು ವಿವರವಾಗಿ ಬರೆಯಬೇಕು. ಪ್ರತಿ ಪ್ಯಾರಾಕ್ಕೂ ನಂಬರ್ ಇರಬೇಕು. ಇಂಜಿನಿಯರ್ ಪದವಿಯ ದರ್ಜೆಗಾದರೆ 16 ಸಾಮರ್ಥ್ಯಗಳನ್ನು ಪಟ್ಟಿ ಮಾಡಿ, ಯಾವುದು ಯಾವ ಪ್ಯಾರಾದಲ್ಲಿ ಕಾಣುತ್ತದೆ ಎಂದು ಸಾರಾಂಶದಲ್ಲಿ ತೋರಿಸಬೇಕು. ಜತೆಗೆ ಪದವಿಯ ನಂತರ ಕಲಿತದ್ದರ ಒಂದು ಪುಟದ ಪಟ್ಟಿ, ಐಇಎಲ್‌ಟಿಎಸ್‌ನ ನಾಲ್ಕು ವಿಭಾಗದಲ್ಲೂ ಕನಿಷ್ಠ 6.

ನಮ್ಮ ಹುಡುಗರು ಎಡವುವುದು ‘ನಾನು’ ಎಂಬಲ್ಲಿ. ‘ಟ್ಯಾಂಕ್ ಕಟ್ಟಲಾಯಿತು’, ‘ಪರೀಕ್ಷೆ ನಡೆಸಲಾಯಿತು’, ‘ನಾವು ಮುಗಿಸಿದೆವು’ ಎಂದರೆ ಅಲ್ಲಿ ನಡೆಯುವುದಿಲ್ಲ. ಗುಂಡಿಯ ಬದಿಯಲ್ಲಿ ನಿಂತು ‘ನಿಲ್ಲಿಸಿ’ ಎಂದವರು ಯಾರು? ಲೆಕ್ಕ ಹಾಕಿದವರು ಯಾರು? ನಾನು ಎಂದೇ ಬರೆಯಬೇಕು. ಮನೆಯಲ್ಲಿ ನಾವು ಕಲಿಸಿದ್ದು ಇದಕ್ಕೆ ಉಲ್ಟಾ. ‘ನಾನು ನಾನು’ ಎನ್ನುವವನನ್ನು ದೊಡ್ಡಸ್ತಿಕೆಯವ ಎಂದು ಹಿರಿಯರು ಗದರಿಸುತ್ತಾರೆ. (ಈ ಅಂಕಣದಲ್ಲಿ ನಾವೂ ‘ನಾವು’ ಎಂದೇ ಬರೆಯುತ್ತೇವೆ ಬಿಡಿ.) ಆದರೆ ಮಾಡಿದ ಕೆಲಸವನ್ನು ನಾನು ಮಾಡಿದೆ ಎನ್ನುವುದು ದೊಡ್ಡಸ್ತಿಕೆ ಅಲ್ಲ. ಮಾಡದ್ದನ್ನು ಮಾಡಿದೆ ಎನ್ನುವುದು ಸುಳ್ಳು. ವಿಚಿತ್ರ ನೋಡಿ, ಮೊದಲನೆಯದಕ್ಕೆ ನಾಚುವ ಹುಡುಗ ಎರಡನೆಯದಕ್ಕೆ ಹಣ ಕೊಡಲು ಹೊರಟಿದ್ದ.

ಮಾರಾಟಕ್ಕೆ ಸಿಗುವ ರಿಪೋರ್ಟ್ ಒಬ್ಬನಿಗೇ ಮಾರಿದ್ದಲ್ಲ. ಬಂದ ಬರಹಗಳನ್ನು ಅಲ್ಲಿ ಸಾಫ್ಟ್‌ವೇರ್ ಮೂಲಕ ಹೋಲಿಸಿ ನೋಡುತ್ತಾರೆ. ನಕಲು ಎಂದು ಕಂಡರೆ ಅರ್ಜಿ ತಿರಸ್ಕೃತ, ಮತ್ತೆ ಅರ್ಜಿ ಹಾಕಲು ನಿರ್ಬಂಧ, ಮಾಹಿತಿ ವಲಸೆ ಇಲಾಖೆಗೂ ಹೋಗುತ್ತದೆ. ವೀಸಾ ಅರ್ಜಿಯಲ್ಲಿ ಸುಳ್ಳು ದಾಖಲೆ ಕೊಟ್ಟದ್ದು ಸಾಬೀತಾದರೆ ಮೂರು ವರ್ಷ ಬಾಗಿಲು ಮುಚ್ಚಬಹುದು. ಈ ವೀಸಾಗಳಿಗೆ ವಯಸ್ಸಿನ ಮಿತಿ 45. ಗಲ್ಫಿನಲ್ಲಿ ಹದಿನೈದು ವರ್ಷ ಕಳೆದು 41ಕ್ಕೆ ಅರ್ಜಿ ಹಾಕುವವನಿಗೆ ಮೂರು ವರ್ಷ ಎಂದರೆ ಎಷ್ಟು ಎಂದು ಲೆಕ್ಕ ಹಾಕಿ. ಇಂಗ್ಲಿಷ್ ತಿದ್ದಿಸಿಕೊಳ್ಳಿ, ಅನುಭವಿಗಳಿಂದ ಸಲಹೆ ಕೇಳಿ, ಅದರಲ್ಲಿ ತಪ್ಪಿಲ್ಲ. ಕಥೆ ಮಾತ್ರ ನಿಮ್ಮದೇ ಇರಲಿ.

ಕಾಗದಪತ್ರದ ತಲೆನೋವು ಬೇರೆ. ಕಂಪೆನಿ ಬಿಡುವ ದಿನವೇ ಲೆಟರ್‌ಹೆಡ್‌ನಲ್ಲಿ ಹುದ್ದೆ, ತಾರೀಕು, ಕೆಲಸದ ವಿವರ ಇರುವ ಸಹಿ ಮಾಡಿದ ಪತ್ರ ತೆಗೆದುಕೊಳ್ಳಿ. ಐದು ವರ್ಷದ ನಂತರ ಹುಡುಕಿದರೆ ಕಂಪೆನಿಯೂ ಇರುವುದಿಲ್ಲ, ಕಫೀಲನೂ ಸಿಗುವುದಿಲ್ಲ. ಕೆಲಸದ ಅನುಭವವನ್ನು ಲೆಕ್ಕಕ್ಕೆ ಹಿಡಿಸಬೇಕಾದರೆ ಪತ್ರದ ಜತೆ ಬೇರೆ ಸಾಕ್ಷಿಯೂ ಬೇಕು: ಊರಿನ ಪಿಎಫ್, ತೆರಿಗೆ ಕಾಗದ, ಸೌದಿಯಾದರೆ ಗೋಸಿ ದಾಖಲೆ. ಹೆಸರಿನ ಗೊಂದಲವಂತೂ ನಮ್ಮಲ್ಲಿ ಹೇಳಿ ಮುಗಿಯದು. ಎಸೆಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಎರಡು ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ತಿ ಹೆಸರು, ಡಿಗ್ರಿಯಲ್ಲಿ ಮುಹಮ್ಮದ್, ಆಧಾರ್‌ನಲ್ಲಿ ಮೊಹಮ್ಮದ್. ಮಕ್ಕಳು ಹೈಸ್ಕೂಲಿನಲ್ಲಿರುವಾಗಲೇ ಇದನ್ನು ಸರಿ ಮಾಡಿಸುವ ಕೆಲಸ ತಂದೆತಾಯಿಯದು.

ಇನ್ನು ಇಂಜಿನಿಯರಿಂಗ್ ಕಲಿತ ನಮ್ಮ ಹೆಣ್ಣುಮಕ್ಕಳು. ಮದುವೆಯ ನಂತರ ಅವರ ಸರ್ಟಿಫಿಕೇಟ್ ಕಪಾಟಿನಲ್ಲಿ ಸೀರೆಯ ಅಡಿಯಲ್ಲಿ ಮಲಗಿರುತ್ತದೆ. ಕೆಲಸದ ಅನುಭವ ಇಲ್ಲದಿದ್ದರೂ ಕಾಲೇಜಿನ ಪ್ರಾಜೆಕ್ಟ್ ಮೇಲೆ ಸಿಡಿಆರ್ ಬರೆಯಬಹುದು. ಪತ್ನಿಯ ಮೌಲ್ಯಮಾಪನವೂ ಆದರೆ, ವಯಸ್ಸು, ಇಂಗ್ಲಿಷ್, ಉದ್ಯೋಗದ ಷರತ್ತುಗಳು ಹೊಂದಿದರೆ, ಪತಿಯ ಅರ್ಜಿಗೆ 10 ಅಂಕ ಸೇರುತ್ತದೆ. ಕನಿಷ್ಠ 65 ಅಂಕ ಬೇಕಾದಲ್ಲಿ ಹತ್ತು ಸಣ್ಣದಲ್ಲ. ಅವಳೇ ಮುಖ್ಯ ಅರ್ಜಿದಾರಳಾಗಿ ಪತಿಯನ್ನು ಕರೆದುಕೊಂಡು ಹೋಗುವುದಕ್ಕೂ ಅಡ್ಡಿಯಿಲ್ಲ, ಇದನ್ನು ನಮ್ಮ ಗಂಡಸರಿಗೆ ನೆನಪಿಸಬೇಕಾಗುತ್ತದೆ. ಡಿಪ್ಲೊಮಾ ಮಾಡಿದವರಿಗೂ ‘ಅಸೋಸಿಯೇಟ್’ ಎಂಬ ಬೇರೆ ದರ್ಜೆ ಉಂಟು.

ದಮ್ಮಾಮಿನ ಹುಡುಗ ಏಜೆಂಟನಿಗೆ ಬೇಡ ಎಂದಿದ್ದಾನೆ. ಡ್ಯೂಟಿ ಮುಗಿಸಿ ಬಂದು ರಾತ್ರಿ ಬರೆಯುತ್ತಾನೆ. ಮೊದಲ ಪ್ರಸಂಗ ಯಳವತ್ತಿಯದ್ದೇ. ಕಳಿಸಿದ ಮೊದಲ ಪ್ರತಿಯಲ್ಲಿ ‘ನಾವು’ ಹನ್ನೊಂದು ಸಲ ಇತ್ತು, ಎಣಿಸಿ ವಾಪಸ್ ಕಳಿಸಿದೆವು. ಮಣ್ಣಿನ ಪರೀಕ್ಷೆಯ ವರದಿಯ ಪ್ರತಿಗಾಗಿ ಹಳೆಯ ಸೈಟಿನ ಮೇಸ್ತ್ರಿಗೆ ಫೋನ್ ಮಾಡಿದನಂತೆ. ವರದಿ ಇನ್ನೂ ಸಿಕ್ಕಿಲ್ಲ. ‘‘ಟ್ಯಾಂಕ್ ಗಟ್ಟಿ ಐತ್ರಿ ಸರ, ಒಂದ್ ಬಿರುಕಿಲ್ಲ’’ ಎಂದನಂತೆ ಮೇಸ್ತ್ರಿ. ಉಮ್ಮನಿಗೆ ಮೊದಲು ಅದನ್ನು ಹೇಳು ಎಂದೆವು.