ಎರೆಮಣ್ಣಿನಿಂದ ಬಂದದ್ದನ್ನು ಎಸೆಯಬೇಡಿ

ಬೇಸಿಗೆಗೆ ಬಿರುಕು ಬಿಟ್ಟ ಎರೆಹೊಲದ ಮೇಲೆ ಮೊದಲ ಮಳೆ ಬಿದ್ದಾಗ ಏಳುವ ವಾಸನೆಯನ್ನು ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿಯವರಿಗೆ ಯಾರೂ ವರ್ಣಿಸಿ ಹೇಳಬೇಕಿಲ್ಲ. ಮಣ್ಣಿನ ವಾಸನೆ ಎಂದು ನಾವು ಕರೆಯುವ ಅದರ ಮುಖ್ಯ ಭಾಗ ಹುಟ್ಟುವುದು ಮಣ್ಣಿನಲ್ಲಿ ಬದುಕುವ ಸ್ಟ್ರೆಪ್ಟೊಮೈಸಿಸ್ ಎಂಬ ಕುಲದ ಬ್ಯಾಕ್ಟೀರಿಯಾಗಳಿಂದ. ಅವು ತಯಾರಿಸುವ ಜಿಯೋಸ್ಮಿನ್ ಎಂಬ ವಸ್ತು ಮಳೆಹನಿಯ ಪೆಟ್ಟಿಗೆ ಗಾಳಿಗೇರಿ ನಮ್ಮ ಮೂಗಿಗೆ ತಾಗುತ್ತದೆ. ಇದೇ ಕುಲದ ಒಂದು ಬ್ಯಾಕ್ಟೀರಿಯಾ 1943ರಲ್ಲಿ ಸ್ಟ್ರೆಪ್ಟೊಮೈಸಿನ್ ಕೊಟ್ಟಿತು. ಕ್ಷಯರೋಗಕ್ಕೆ ನಿಜವಾಗಿ ನಾಟಿದ ಮೊದಲ ಔಷಧ ಅದು. ಅಮೆರಿಕದ ರಟ್ಗರ್ಸ್‌ನಲ್ಲಿ ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಅದನ್ನು ಬೇರ್ಪಡಿಸಿದ ಆಲ್ಬರ್ಟ್ ಶಾಟ್ಜ್ ಆಗಿನ್ನೂ ಇಪ್ಪತ್ಮೂರರ ವಿದ್ಯಾರ್ಥಿ.

ಇಂಥ ಹುಡುಕಾಟ ನಮ್ಮಲ್ಲೂ ಇದೆ. ನಮ್ಮ ಪದವಿ ಕಾಲೇಜುಗಳಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದುವ ಮಕ್ಕಳು ಕೊನೆಯ ವರ್ಷ ಮಾಡುವ ಪ್ರಾಜೆಕ್ಟ್‌ಗಳು ಹೆಚ್ಚಾಗಿ ಎರಡು ಬಗೆಯವು. ಅರಿಶಿಣ, ಬೇವು, ಬೆಳ್ಳುಳ್ಳಿ, ತುಳಸಿ, ಲವಂಗದ ರಸ ರೋಗಾಣುವನ್ನು ತಡೆಯುತ್ತದೆಯೇ ಎಂದು ನೋಡುವುದು ಒಂದು. ಹೊಲದ ಮಣ್ಣು, ಕೆರೆಯ ನೀರು, ಗೊಬ್ಬರದ ಗುಂಡಿಯಿಂದ ಸೂಕ್ಷ್ಮಜೀವಿಗಳನ್ನು ಹೆಕ್ಕುವುದು ಇನ್ನೊಂದು. ಮೊದಲನೆಯದನ್ನು ನಾವು ಅತಿಯಾಗಿ ನಂಬುತ್ತೇವೆ, ಎರಡನೆಯದನ್ನು ಪರೀಕ್ಷೆ ಮುಗಿದೊಡನೆ ಎಸೆಯುತ್ತೇವೆ. ಎರಡೂ ತಪ್ಪು ಎಂಬುದು ನನ್ನ ವಾದ.

ಮೊದಲನೆಯದು ನಡೆಯುವ ರೀತಿ ಹೀಗೆ. ಅಗಾರ್ ಎಂಬ ವಸ್ತು ಬೆರೆಸಿ ಗಂಜಿಯಂತೆ ಗಟ್ಟಿಯಾಗಿಸುವ ಆಹಾರವನ್ನು ಗಾಜಿನ ತಟ್ಟೆಯಲ್ಲಿ ಹೊಯ್ದು, ಅದರ ಮೇಲೆಲ್ಲ ಬ್ಯಾಕ್ಟೀರಿಯಾ ಸವರುತ್ತಾರೆ. ನಡುವೆ ಸಣ್ಣ ಕುಳಿ ಕೊರೆದು ಗಿಡದ ರಸ ತುಂಬುತ್ತಾರೆ. 37 ಡಿಗ್ರಿ ಶಾಖದಲ್ಲಿ ಒಂದು ರಾತ್ರಿ ಇಟ್ಟರೆ ತಟ್ಟೆ ಬೆಳ್ಳಗೆ ಮಬ್ಬಾಗುತ್ತದೆ. ರಸಕ್ಕೆ ಶಕ್ತಿಯಿದ್ದರೆ ಕುಳಿಯ ಸುತ್ತ ಮಾತ್ರ ತಿಳಿಯಾದ ಉಂಗುರ ಉಳಿಯುತ್ತದೆ. ಅದನ್ನು ಅಳತೆಪಟ್ಟಿಯಿಂದ ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಮೊದಲ ಬಾರಿ ಆ ಉಂಗುರ ಕಂಡ ಹುಡುಗಿಯ ಸಂತೋಷ ಸಣ್ಣದಲ್ಲ, ಅದನ್ನು ಕಡಿಮೆ ಮಾಡುವುದು ನನ್ನ ಉದ್ದೇಶವೂ ಅಲ್ಲ. ಆದರೆ ಉಂಗುರವನ್ನು ಓದುವುದಕ್ಕೆ ಒಂದು ಕ್ರಮವಿದೆ.

ಅರಿಶಿಣವನ್ನೇ ತೆಗೆದುಕೊಳ್ಳಿ. ಸವದತ್ತಿ ಯಲ್ಲಮ್ಮನ ಗುಡ್ಡದಲ್ಲಿ ಭಂಡಾರವಾಗಿ ಹಾರುವ, ನಮ್ಮ ಅಡುಗೆಮನೆಯಲ್ಲಿ ಗಾಯಕ್ಕೂ ಸಾರಿಗೂ ಬೀಳುವ ಪುಡಿ. ಅದರ ಹಳದಿ ವಸ್ತು ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಇಲ್ಲ ಎನ್ನಬಹುದು. ಹಾಗಾಗಿ ವಿದ್ಯಾರ್ಥಿಗಳು ಆಲ್ಕೊಹಾಲಿನಲ್ಲಿ ನೆನೆಸಿ ರಸ ತೆಗೆಯುತ್ತಾರೆ. ಆಲ್ಕೊಹಾಲ್ ತಾನೇ ಬ್ಯಾಕ್ಟೀರಿಯಾ ಕೊಲ್ಲುತ್ತದಲ್ಲ! ಅದೇ ತಟ್ಟೆಯಲ್ಲಿ ಬರೀ ಆಲ್ಕೊಹಾಲ್ ತುಂಬಿದ ಇನ್ನೊಂದು ಕುಳಿ ಇಲ್ಲದಿದ್ದರೆ, ಕೊಂದದ್ದು ಅರಿಶಿಣವೋ ಆಲ್ಕೊಹಾಲೋ ಎಂದು ಹೇಳುವಂತಿಲ್ಲ. ಹಳದಿ ಬಣ್ಣ ಸುತ್ತಲೂ ಹರಡಿದರೆ ಅದನ್ನೇ ಉಂಗುರವೆಂದು ಅಳೆಯುವ ಅಪಾಯವೂ ಇದೆ. ತಟ್ಟೆಯಲ್ಲಿ ಗೆದ್ದರೂ ದೇಹದಲ್ಲಿ ಗೆಲ್ಲಬೇಕೆಂದಿಲ್ಲ. ತಿಂದ ಕರ್ಕ್ಯುಮಿನ್‌ನಲ್ಲಿ ಕರುಳು ಹೀರುವುದು ಬಲು ಸ್ವಲ್ಪ, ಹೀರಿದ್ದೂ ಬೇಗ ಒಡೆದುಹೋಗುತ್ತದೆ.

ಪ್ರಮಾಣದ ಮಾತು ಇನ್ನೂ ಮುಖ್ಯ. ಹೋಲಿಕೆಗೆ ತಟ್ಟೆಯಲ್ಲಿಡುವ ಆಂಪಿಸಿಲಿನ್ ಎಂಬ ಆಂಟಿಬಯಾಟಿಕ್‌ನ ಬಿಲ್ಲೆಯಲ್ಲಿ ಔಷಧ ಇರುವುದು 10 ಮೈಕ್ರೊಗ್ರಾಂ. ಪಕ್ಕದ ಕುಳಿಗೆ ಬಿದ್ದ ಗಿಡದ ಸಾರ 5 ಮಿಲಿಗ್ರಾಂ ಆಗಿದ್ದರೆ, ಅದು ಬಿಲ್ಲೆಯ ಔಷಧದ 500 ಪಟ್ಟು. ಎರಡೂ 15 ಮಿಲಿಮೀಟರ್ ಉಂಗುರ ಕೊಟ್ಟವು ಎಂದು ‘ಆಂಟಿಬಯಾಟಿಕ್‌ಗೆ ಸಮ’ ಎಂದು ಬರೆದರೆ ಅದು ಸುಳ್ಳಾಗುತ್ತದೆ. ಬ್ಲೀಚಿಂಗ್ ಪುಡಿಯೂ ಉಂಗುರ ಕೊಡುತ್ತದೆ, ಹಾಗೆಂದು ಯಾರೂ ಅದನ್ನು ಕುಡಿಯುವುದಿಲ್ಲ.

ಹಾಗಾದರೆ ಅಜ್ಜಿಯ ಮದ್ದೆಲ್ಲ ಸುಳ್ಳೇ? ಅಲ್ಲ. ಬೆಳ್ಳುಳ್ಳಿ ಇದನ್ನು ಚೆನ್ನಾಗಿ ಕಲಿಸುತ್ತದೆ. ಇಡೀ ಎಸಳಿನಲ್ಲಿ ಬ್ಯಾಕ್ಟೀರಿಯಾ ತಡೆಯುವ ಆಲಿಸಿನ್ ಇರುವುದಿಲ್ಲ. ಜಜ್ಜಿದಾಗ ಬೇರೆಬೇರೆಯಾಗಿದ್ದ ಒಂದು ವಸ್ತುವೂ ಒಂದು ಕಿಣ್ವವೂ ಕೂಡಿ, ಆ ಕಿಣ್ವದ ಕೆಲಸದಿಂದ ಅದು ಆಗಷ್ಟೇ ಹುಟ್ಟುತ್ತದೆ. ಕುದಿಸಿದರೆ ಕಿಣ್ವ ಕೆಡುತ್ತದೆ. ಹಸಿಯಾಗಿ ಜಜ್ಜಿದ ರಸದ ಪಕ್ಕದಲ್ಲಿ ಇಡಿಯಾಗಿ ಬೇಯಿಸಿದ ಎಸಳಿನ ರಸ ಇಟ್ಟ ವಿದ್ಯಾರ್ಥಿಗೆ ಒಂದರಲ್ಲಿ ಉಂಗುರ, ಇನ್ನೊಂದರಲ್ಲಿ ಏನೂ ಇಲ್ಲದ್ದು ಕಂಡರೆ, ಆ ‘ಏನೂ ಇಲ್ಲ’ ಎಂಬುದೇ ಅವನ ಪ್ರಾಜೆಕ್ಟಿನ ಬೆಲೆಬಾಳುವ ಭಾಗ. ಅದನ್ನು ವರದಿಯಿಂದ ಅಳಿಸಿಹಾಕುವ ಚಾಳಿ ನಿಲ್ಲಬೇಕು. ಪರೀಕ್ಷಕರು ಉಂಗುರ ಬಾರದ ತಟ್ಟೆಗೂ ಅಂಕ ಕೊಡಬೇಕು.

ಇನ್ನು ಮಣ್ಣಿನ ಪ್ರಾಜೆಕ್ಟ್. ಒಂದು ಗ್ರಾಂ ಮಣ್ಣನ್ನು ನೀರಿನಲ್ಲಿ ಕಲಕಿ, ಹತ್ತು ಪಟ್ಟು, ನೂರು ಪಟ್ಟು, ಲಕ್ಷ ಪಟ್ಟು ತಿಳಿ ಮಾಡಿ ತಟ್ಟೆಗೆ ಸವರುತ್ತಾರೆ. ಒಂದು ಗ್ರಾಮಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುತ್ತವೆ, ತಟ್ಟೆಯಲ್ಲಿ ಬೆಳೆಯುವುದು ನೂರಕ್ಕೆ ಒಂದರಷ್ಟು. ಸ್ಟ್ರೆಪ್ಟೊಮೈಸಿಸ್ ಬಳಗ ನಿಧಾನದ್ದು; ಒಂದೆರಡು ವಾರ ಕಾದರೆ ಸುಣ್ಣದ ಪುಡಿ ಉದುರಿಸಿದಂಥ ಒಣ ಚುಕ್ಕೆಗಳಾಗಿ ಮೂಡುತ್ತದೆ. ತಟ್ಟೆಯ ಮುಚ್ಚಳ ತೆಗೆದರೆ ಮಳೆಯ ವಾಸನೆ ಬರುತ್ತದೆ.

ಇದು ದೂರದೇಶದವರಿಗೋ ದೊಡ್ಡವರಿಗೋ ಮಾತ್ರ ಒಲಿಯುವ ಕೆಲಸವೇನಲ್ಲ. ಮೈಸೂರು ಸೀಮೆಯಲ್ಲಿ ಹುಟ್ಟಿದ ಎಂ. ಜೆ. ತಿರುಮಲಾಚಾರ್ ಪುಣೆ ಬಳಿಯ ಪಿಂಪ್ರಿಯ ಹಿಂದುಸ್ತಾನ್ ಆಂಟಿಬಯಾಟಿಕ್ಸ್‌ನಲ್ಲಿ ಸಂಶೋಧನೆಯ ಮುಖ್ಯಸ್ಥರಾಗಿದ್ದರು. 1960ರ ದಶಕದ ಆರಂಭದಲ್ಲಿ ಅವರ ತಂಡ ಹ್ಯಾಮೈಸಿನ್ ಎಂಬ ಶಿಲೀಂಧ್ರನಾಶಕ ಔಷಧವನ್ನು ಕಂಡುಹಿಡಿಯಿತು. ಅದನ್ನು ಕೊಟ್ಟ ಜೀವಿಗೆ ಇಟ್ಟ ಹೆಸರು ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ. ಒಂದು ಊರಿನ ಹೆಸರು ವಿಜ್ಞಾನದಲ್ಲಿ ಉಳಿಯುವುದು ಹೀಗೆ. ಅಮೆರಿಕದಲ್ಲಿ ಜೋ ಹ್ಯಾಂಡಲ್ಸ್‌ಮನ್ ಆರಂಭಿಸಿದ ‘ಟೈನಿ ಅರ್ಥ್’ ಎಂಬ ಯೋಜನೆ ಇವತ್ತು ಹಲವು ದೇಶಗಳ ಕಾಲೇಜು ಮಕ್ಕಳಿಂದ ತಮ್ಮ ಊರಿನ ಮಣ್ಣಿನಲ್ಲಿ ಹೊಸ ಆಂಟಿಬಯಾಟಿಕ್ ಹುಡುಕಿಸುತ್ತಿದೆ.

ಅಗತ್ಯವೂ ಇದೆ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು ಲ್ಯಾನ್ಸೆಟ್ ಪತ್ರಿಕೆಯ ಅಧ್ಯಯನ ಅಂದಾಜು ಮಾಡಿದೆ. ಕೋಳಿ ಸಾಕಣೆಯಲ್ಲಿ ಮನಬಂದಂತೆ ಬಳಕೆಯಾಗುತ್ತಿದ್ದ ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್ ಅನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡುವುದನ್ನು ಭಾರತ ಇದೇ ಕಾರಣಕ್ಕೆ ಅದೇ ವರ್ಷ ನಿಷೇಧಿಸಿತು. ಮಲಪ್ರಭೆಯ ನೀರಿನಲ್ಲೋ ಹೊಲದ ಮಣ್ಣಿನಲ್ಲೋ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಸಿಕ್ಕಿತೆಂದು ವಿದ್ಯಾರ್ಥಿ ಬರೆದರೆ ಊರು ಗಾಬರಿಯಾಗಬೇಕಿಲ್ಲ. ಮೂವತ್ತು ಸಾವಿರ ವರ್ಷ ಹಳೆಯ ಹೆಪ್ಪುಮಣ್ಣಿನಲ್ಲೂ ಅಂಥ ಗುಣ ಕಂಡಿದೆ. ಆಂಟಿಬಯಾಟಿಕ್ ತಯಾರಿಸುವ ಜೀವಿಗಳ ನಡುವೆ ಬದುಕುವವು ಅದರಿಂದ ಪಾರಾಗುವುದನ್ನೂ ಕಲಿತಿರುತ್ತವೆ. ಅದೇ ಜಾಗದಲ್ಲಿ ಆ ಗುಣ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆಯೇ ಎಂಬುದೇ ಕೇಳಬೇಕಾದ ಪ್ರಶ್ನೆ. ಅದಕ್ಕೆ ಉತ್ತರ ಬೇಕೆಂದರೆ ಹಿಂದಿನ ವರ್ಷದ ದಾಖಲೆ ಕೈಯಲ್ಲಿರಬೇಕು.

ನಾವು ಸೋಲುವುದು ಇಲ್ಲೇ. ಪ್ರಾಜೆಕ್ಟ್ ಮುಗಿದ ಮೇಲೆ ತಟ್ಟೆಗಳನ್ನೆಲ್ಲ 121 ಡಿಗ್ರಿ ಹಬೆಯಲ್ಲಿ ಬೇಯಿಸಿ ಚೆಲ್ಲುತ್ತಾರೆ. ರೋಗಾಣುಗಳನ್ನು ಹಾಗೆ ಮಾಡಲೇಬೇಕು, ಅದರಲ್ಲಿ ರಾಜಿ ಬೇಡ. ಆದರೆ ಜೊತೆಗೆ ಎರೆಮಣ್ಣಿನಿಂದ ತಿಂಗಳುಗಟ್ಟಲೆ ಹೆಕ್ಕಿದ ಜೀವಿಗಳೂ, ಕಡಲೆ ಬೇರಿನ ಗಂಟಿನಿಂದ ತೆಗೆದ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾಗಳೂ ಹೋಗುತ್ತವೆ. ಮರುವರ್ಷ ಇನ್ನೊಂದು ತಂಡ ಮೊದಲಿನಿಂದ ಶುರು ಮಾಡುತ್ತದೆ.

ಉಳಿಸಿಕೊಳ್ಳಲು ದೊಡ್ಡ ಯಂತ್ರ ಬೇಡ. ಸ್ಟ್ರೆಪ್ಟೊಮೈಸಿಸ್‌ನ ಬೀಜಕಣಗಳು ಹಬೆಯಲ್ಲಿ ಶುದ್ಧ ಮಾಡಿ ಒಣಗಿಸಿದ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತವೆ. ಒಂದು ಪ್ರನಾಳ, ಹತ್ತಿಯ ಬಿರಡೆ, ಫ್ರಿಜ್ಜಿನ ಒಂದು ಮೂಲೆ ಮತ್ತು ಒಂದು ವಹಿ ಸಾಕು. ವಹಿಯಲ್ಲಿ ಯಾವ ಊರು, ಯಾವ ಹೊಲ, ಯಾವ ಬೆಳೆ, ಎಷ್ಟು ಆಳ, ಯಾವ ದಿನ ಎಂದು ಬರೆಯಬೇಕು. ಅಪರೂಪದ್ದು ಅನಿಸಿದರೆ ಇಡಲು ಚಂಡೀಗಢದಲ್ಲಿ 1986ರಿಂದ ಇರುವ ಎಂಟಿಸಿಸಿ ಎಂಬ ಸೂಕ್ಷ್ಮಜೀವಿಗಳ ಸಂಗ್ರಹವಿದೆ. ನಮ್ಮ ಮಕ್ಕಳು ಪರೀಕ್ಷೆಗೆ ಬ್ಯಾಕ್ಟೀರಿಯಾ ತರಿಸಿಕೊಳ್ಳುವುದು ಹೆಚ್ಚಾಗಿ ಅಲ್ಲಿಂದಲೇ. ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಬೆಳಗಾವಿಯಲ್ಲಿರುವ ಐಸಿಎಂಆರ್‌ನ ಪಾರಂಪರಿಕ ವೈದ್ಯ ಸಂಶೋಧನಾ ಸಂಸ್ಥೆಯೂ ನಮಗೆ ದೂರವಲ್ಲ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಾಲೇಜುಗಳ ಪ್ರಾಚಾರ್ಯರಲ್ಲಿ ನನ್ನ ಕೋರಿಕೆ ಇಷ್ಟೇ: ಈ ವರ್ಷದ ಪ್ರಾಜೆಕ್ಟ್‌ಗಳಿಂದಲೇ ಆ ವಹಿಯನ್ನು ತೆರೆಯಿರಿ. ಮಣ್ಣು ಕೊಟ್ಟ ರೈತನಿಗೆ, ಅವನ ಹೊಲದಲ್ಲಿ ಏನು ಸಿಕ್ಕಿತೆಂದು ಕನ್ನಡದಲ್ಲಿ ಒಂದು ಪುಟ ಬರೆದು ಕೊಡಿ.