ಬೆಕ್ಕಿಗೆ ಬಂದಿರೋದು ಸೊಕ್ಕಲ್ಲ, ಉರಿಮೂತ್ರ

"ಹಾಸಿಗಿ ಮ್ಯಾಲೆ ಉಚ್ಚಿ ಹೊಯ್ದದರೀ. ಸೊಕ್ಕು ಬಂದದ ಅದಕ್ಕ. ಚೀಲದಾಗ ಹಾಕಿ ತಿಂಥಣಿ ಬ್ರಿಡ್ಜ್ ದಾಟಿಸಿ ಬಿಟ್ಟು ಬಂದ್ವಿ."

ದೇವದುರ್ಗ ತಾಲ್ಲೂಕಿನ ಒಂದು ಮನೆಯಲ್ಲಿ ಚಹಾ ಕುಡಿಯುವಾಗ ಕೇಳಿದ ಮಾತಿದು. ಹೇಳಿದವರು ಕೆಟ್ಟವರಲ್ಲ. ಅದೇ ಬೆಕ್ಕಿಗೆ ನಾಲ್ಕು ವರ್ಷ ರೊಟ್ಟಿ, ಹಾಲು ಹಾಕಿ ಸಾಕಿದವರು. ಮಾನ್ವಿಯಲ್ಲಿ ಕಾಲುವೆ ದಂಡೆ, ರಾಯಚೂರಿನಲ್ಲಿ ಗಂಜ್, ದೇವದುರ್ಗದಲ್ಲಿ ಹೊಳೆಯ ಆಚೆ ದಡ. ಬಿಡುವ ಜಾಗ ಬೇರೆ ಬೇರೆ, ಯೂರಿಯಾ ಚೀಲ ಒಂದೇ.

ಬೆಕ್ಕು ಕೊಂದರೆ ಬಂಗಾರದ ಬೆಕ್ಕು ದಾನ ಕೊಡಬೇಕು ಅಂತ ಹಿರಿಯರು ಹೆದರಿಸಿದ್ದರು. ಆ ಹೆದರಿಕೆಗೆ ನಾವು ಕೊಲ್ಲೋದಿಲ್ಲ. ನಾಯಿ, ಲಾರಿ, ಹಸಿವು ಕೊಲ್ಲಲಿ ಅಂತ ಬಿಟ್ಟು ಬರ್ತೀವಿ. ಪಾಪ ನಮ್ಮ ಲೆಕ್ಕಕ್ಕೆ ಬರಬಾರದು, ಅಷ್ಟೇ.

ನೇರವಾಗಿ ಹೇಳ್ತೀನಿ. ಸೇಡು ತೀರಿಸೋಕೆ ಹಾಸಿಗೆ ಹಿಡಿದು ಹೊಯ್ಯೋ ಬುದ್ಧಿ ಬೆಕ್ಕಿಗಿಲ್ಲ. ಅದು ಕಂಡಕಂಡಲ್ಲಿ ಹೊಯ್ತಿದ್ರೆ ಹೆಚ್ಚಾಗಿ ಮೂರರಲ್ಲಿ ಒಂದು ಕಾರಣ ಇರುತ್ತೆ. ಮೂತ್ರದಲ್ಲಿ ಉರಿ ಅಥವಾ ನೋವಿದೆ. ಇಲ್ಲವೇ ನಾವು ಕೊಟ್ಟ ಜಾಗ ಅದಕ್ಕೆ ಸರಿಹೋಗಿಲ್ಲ. ಇಲ್ಲವೇ ಬೀಜ ತೆಗೆಸದ ಗಂಡು ಬೆಕ್ಕು ತನ್ನ ಗಡಿ ಗುರುತು ಮಾಡ್ತಿದೆ. ಮೂರಕ್ಕೂ ದಾರಿ ಇದೆ. ಚೀಲ ಆ ದಾರಿಗಳಲ್ಲಿ ಒಂದಲ್ಲ.

ನೆಲ ಬದಲಾಯಿಸಿದ್ದು ನಾವು

ಮಣ್ಣಿನ ಮನೆಗಳಿದ್ದಾಗ ಬೆಕ್ಕು ಹಿತ್ತಲಿಗೆ, ತಿಪ್ಪೆಗೆ ಹೋಗಿ ಸಡಿಲ ಮಣ್ಣು ಕೆರೆದು, ಹೊಯ್ದು, ಮುಚ್ಚಿ ಬರ್ತಿತ್ತು. ಈಗ ಅಂಗಳಕ್ಕೆ ಸಿಮೆಂಟ್, ಒಳಗೆ ಟೈಲ್ಸ್, ಕಿಟಕಿಗೆ ಜಾಲರಿ. ರಾಯಚೂರಿನ ಬಾಡಿಗೆ ಮನೆಗಳಲ್ಲಿ ಒಂದು ಹಿಡಿ ಮಣ್ಣು ಸಿಗೋದಿಲ್ಲ. ಕಾಲಿಗೆ ಮೆತ್ತಗೆ ಸಿಗೋದು ಕೌದಿ, ಗಾದಿ, ಬಟ್ಟೆ ರಾಶಿ. ಬೆಕ್ಕು ಅಲ್ಲಿಗೇ ಹೋಗುತ್ತೆ. ಇದರಲ್ಲಿ ಅದರ ತಪ್ಪೇನು?

ಮನೆಯೊಳಗೆ ಟ್ರೇ ಇಡೋದು ದುಡ್ಡಿದ್ದವರ ಶೋಕಿ ಅನ್ಬೇಡಿ. 1947ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಪಕ್ಕದ ಮನೆಯವರು ಬೆಕ್ಕಿಗೆ ಮರಳು ಕೇಳಿದಾಗ, ಎಡ್ವರ್ಡ್ ಲೋ ಅನ್ನೋವರು ನೀರು ಹೀರುವ ಒಣ ಜೇಡಿಮಣ್ಣಿನ ಹರಳು ಕೊಟ್ಟರು. ಅಂಗಡಿಯಲ್ಲಿ ನೂರಾರು ರೂಪಾಯಿಗೆ ಸಿಗುವ 'ಕ್ಯಾಟ್ ಲಿಟರ್' ಶುರುವಾಗಿದ್ದು ಹೀಗೆ. ನಮಗೆ ಜರಡಿ ಹಿಡಿದ ಸಣ್ಣ ಮರಳು ಸಾಕು. ಮಾನ್ವಿ ಕಡೆಯವರಿಗೆ ರೈಸ್ ಮಿಲ್‌ನ ಭತ್ತದ ಹೊಟ್ಟು ಇದೆ. ಎರಡು ತಗ್ಗು ಟಬ್‌ಗಳಲ್ಲಿ ಒಂದಕ್ಕೆ ಮರಳು, ಇನ್ನೊಂದಕ್ಕೆ ಹೊಟ್ಟು ಹಾಕಿಡಿ. ಬೇಕಾದ್ದನ್ನು ಬೆಕ್ಕೇ ಆರಿಸುತ್ತೆ. ಒಲೆ ಬೂದಿ ಬೇಡ, ಒದ್ದೆಯಾದರೆ ಕಾಲು ಸುಡುತ್ತೆ.

ಟಬ್ ಬೆಕ್ಕಿನ ಉದ್ದಕ್ಕಿಂತ ಒಂದೂವರೆ ಪಟ್ಟು ಇರಲಿ. ಅನ್ನದ ತಟ್ಟೆ, ನೀರಿನ ಬಟ್ಟಲಿನಿಂದ ದೂರ, ಗದ್ದಲ ಇಲ್ಲದ ಮೂಲೆಯಲ್ಲಿರಲಿ. ಎರಡು ಬೆಕ್ಕಿದ್ದರೆ ಮೂರು ಟಬ್ ಇಡಿ. ದಿನಾ ತೆಗೆಯಿರಿ. ನಾವು ನಾರುವ ಶೌಚಾಲಯಕ್ಕೆ ಮೂಗು ಮುಚ್ಚಿಕೊಳ್ತೀವಿ, ಬೆಕ್ಕಿನ ಮೂಗು ನಮ್ಮದಕ್ಕಿಂತ ಚುರುಕು. ಬಸುರಿ ಹೆಂಗಸರು ಈ ಕೆಲಸ ಮಾಡಬಾರದು. ಬೆಕ್ಕಿನ ಮಲದಲ್ಲಿ ಹೊಟ್ಟೆಯ ಕೂಸಿಗೆ ತೊಂದರೆ ಕೊಡುವ ಟಾಕ್ಸೊಪ್ಲಾಸ್ಮಾ ರೋಗಾಣು ಇರಬಹುದು.

ಹೊಯ್ದ ಜಾಗಕ್ಕೆ ಫಿನಾಯಿಲ್ ಸುರಿಯೋದು ನಿಲ್ಲಿಸಿ. ಕಾಲಿಗೆ ಅಂಟಿದ್ದನ್ನು ಬೆಕ್ಕು ನೆಕ್ಕುತ್ತೆ, ಫೀನಾಲ್ ವಿಷ ಕರಗಿಸುವ ಶಕ್ತಿ ಅದರ ಲಿವರ್‌ಗೆ ಕಡಿಮೆ. ಬಟ್ಟೆಯಿಂದ ಒತ್ತಿ ಒರೆಸಿ, ಎಂಜೈಮ್ ಇರುವ ಬಟ್ಟೆ ಸೋಪಿನ ಪುಡಿಯ ನೀರಿನಿಂದ ತೊಳೆದು ಬಿಸಿಲಿಗೆ ಹಾಕಿ. ವಾಸನೆ ಉಳಿದರೆ ಮತ್ತೆ ಅಲ್ಲಿಗೇ ಬರುತ್ತೆ.

ಒಂದು ರಾತ್ರಿಯ ಲೆಕ್ಕ

ಇಷ್ಟು ಸಿಟ್ಟು ನನಗೆ ಯಾಕೆ? ನಾನೂ ಹೊಡೆದವನೇ. ಮೂರು ಬೇಸಿಗೆ ಹಿಂದೆ ನಮ್ಮ ಮನೆಯ ಗಂಡು ಬೆಕ್ಕು ಕೌದಿ ಮೇಲೆ, ಬಚ್ಚಲಲ್ಲಿ, ಚಪ್ಪಲಿ ಹತ್ತಿರ ಕೂತು ಕೂತು ಏಳ್ತಿತ್ತು. ನಾನು ಕಸಬರಿಗೆ ತಗೊಂಡೆ. ಅದು ಮುಕ್ಕುತ್ತಿತ್ತು, ಒಂದೊಂದೇ ಹನಿ ಬರ್ತಿತ್ತು. ನಾನು ನೋಡಿದ್ದು ಹನಿಯನ್ನು, ಮುಕ್ಕೋದನ್ನಲ್ಲ. ಮರುದಿನ ವಾಂತಿ. ಒಂದು ಪಶು ಆಸ್ಪತ್ರೆಗೆ ಒಯ್ದೆ. "ಇಲ್ಲಿ ದನ, ಎಮ್ಮಿ ನೋಡ್ತೀವ್ರೀ, ಬೆಕ್ಕಿಗೆಲ್ಲ ಟೈಮಿಲ್ಲ" ಅಂದರು. ರಾತ್ರಿ ಸತ್ತುಹೋಯಿತು.

ಆಮೇಲೆ ಓದಿ ತಿಳಿದೆ. ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಣ್ಣದು. ಹರಳು, ಲೋಳೆ ಸೇರಿ ಅದು ಕಟ್ಟಿಕೊಂಡರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲುತ್ತೆ. ಒಂದೆರಡು ದಿನದ ಮಾತು. ಬೆಕ್ಕಿನ ಮೂಲ ಮರುಭೂಮಿ ಕಡೆಯ ಕಾಡುಬೆಕ್ಕು, ಬಾಯಾರಿಕೆ ಕಡಿಮೆ, ಮೂತ್ರ ಗಟ್ಟಿ. ಏಪ್ರಿಲ್, ಮೇನಲ್ಲಿ ರಾಯಚೂರು 40 ಡಿಗ್ರಿ ದಾಟುತ್ತೆ, ನಮಗೇ ಉರಿಮೂತ್ರ ಬರುತ್ತೆ. ಪ್ಯಾಕೆಟ್‌ನ ಒಣ ಕಾಳು ತಿಂದು ಕೋಣೆಯಲ್ಲಿ ಬಿದ್ದ ಬೆಕ್ಕಿನ ಗತಿ ಏನು? ಮೂರ್ನಾಲ್ಕು ಕಡೆ ನೀರಿಡಿ, ಊಟಕ್ಕೆ ನೀರು ಬೆರೆಸಿ ಕೊಡಿ.

ಗಂಡು ಬೆಕ್ಕು ಪದೇ ಪದೇ ಕೂತು ಮೂತ್ರ ಬರದೆ ಕೂಗಿದರೆ, ವಾಂತಿ ಮಾಡಿದರೆ, ಅದೇ ದಿನ ಡಾಕ್ಟರ್ ಹತ್ತಿರ ಒಯ್ಯಿರಿ. ಮನೆಯಲ್ಲಿರೋ ಪ್ಯಾರಾಸಿಟಮಾಲ್ ಕೊಡಬೇಡಿ. ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಹುದು.

ಗೋಡೆಗೆ ಬೆನ್ನು ಮಾಡಿ, ಬಾಲ ಎತ್ತಿ ನಡುಗಿಸಿ ಚಿಮ್ಮಿಸಿದರೆ ಅದು ಗಡಿ ಗುರುತು. ಬೀಜ ತೆಗೆಸಿದರೆ ಹತ್ತರಲ್ಲಿ ಒಂಬತ್ತು ಗಂಡು ಬೆಕ್ಕುಗಳಲ್ಲಿ ಇದು ನಿಲ್ಲುತ್ತೆ ಅಥವಾ ಬಹಳ ಕಡಿಮೆಯಾಗುತ್ತೆ.

"ಮನುಷ್ಯರಿಗೇ ಡಾಕ್ಟರ್ ಇಲ್ಲ"

ಈ ಮಾತು ಬರುತ್ತೆ ಅಂತ ಗೊತ್ತು. ಏಮ್ಸ್ ಬೇಕು ಅಂತ 2022ರಲ್ಲಿ ಧರಣಿ ಕೂತ ಜಿಲ್ಲೆ ನಮ್ಮದು. ಆ ಧರಣಿಯ ಸುದ್ದಿ ಬರೆದವರಲ್ಲಿ ನಾನೂ ಒಬ್ಬ. ಬೆಕ್ಕಿಗೆ ಹೊಸ ಆಸ್ಪತ್ರೆ ಕಟ್ಟಿ ಅಂತ ನಾನು ಕೇಳ್ತಿಲ್ಲ. ಇರುವ ಪಶು ಆಸ್ಪತ್ರೆಯಲ್ಲಿ ಮೂತ್ರ ಬಿಡಿಸುವ ಸಣ್ಣ ನಳಿಕೆ ಇರಲಿ, ತಿಂಗಳಿಗೊಂದು ದಿನ ಬೆಕ್ಕಿನ ಸಂತಾನಹರಣ ಆಪರೇಷನ್ ಆಗಲಿ. ಪಶುವೈದ್ಯರು ಕಾಲೇಜಿನಲ್ಲಿ ನಾಯಿ, ಬೆಕ್ಕಿನ ಚಿಕಿತ್ಸೆಯನ್ನೂ ಓದಿಯೇ ಬಂದಿರ್ತಾರೆ. ಭತ್ತ, ಶೇಂಗಾ ಚೀಲಗಳನ್ನು ಇಲಿಯಿಂದ ಕಾಯುವ ಪ್ರಾಣಿಗೆ ಇಷ್ಟು ಕೇಳೋದು ಹೆಚ್ಚೇನಲ್ಲ. ಯಾರೂ ಬೆಕ್ಕು ತರೋದಿಲ್ಲ ಅಂತ ಅವರಂತಾರೆ, ಅವರು ನೋಡೋದಿಲ್ಲ ಅಂತ ನಾವಂತೀವಿ. ಮೊದಲು ನಾವೇ ಒಯ್ಯಬೇಕು, ನಿಂತು ಕೇಳಬೇಕು.

ಕಾನೂನು ಇಲ್ಲದಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಕಾರ, ಹಸಿವು ಬಾಯಾರಿಕೆಯಿಂದ ನರಳುವ ಹಾಗೆ ಪ್ರಾಣಿಯನ್ನು ಬಿಟ್ಟು ಬರೋದು ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಬೆಕ್ಕಿನ ಜೀವ ನಾಲ್ಕೈದು ಕಪ್ ಚಹಾಕ್ಕೆ ಮುಗಿಯಿತು. ಇಂಥ ಕಾನೂನು ನಮ್ಮ ಚೀಲವನ್ನು ತಡೆಯೋದಿಲ್ಲ. ತಡೆಯಬೇಕಾದವರು ಮನೆಯವರೇ.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತೀವಿ. ಇಲ್ಲಿ ಪ್ರಾಣಸಂಕಟ ಬೆಕ್ಕಿನದೇ. ನಿಮ್ಮ ಮನೆಯ ಬೆಕ್ಕು ಇವತ್ತು ಕೌದಿ ಮೇಲೆ ಹೊಯ್ದಿದ್ದರೆ ಕಸಬರಿಗೆ ಕೆಳಗಿಡಿ. ಅದು ಮುಕ್ಕುತ್ತಿದೆಯಾ, ಮೂತ್ರ ಬರ್ತಿದೆಯಾ ನೋಡಿ. ನಾನು ಅವತ್ತು ಎರಡು ನಿಮಿಷ ನೋಡಿದ್ದರೆ ಸಾಕಿತ್ತು.