ಗುಳಿಗೆ ನುಂಗದವರ ಲೆಕ್ಕ ಎಲ್ಲಿ?

ಕಳೆದ ತಿಂಗಳು ನಮ್ಮ ಚಾಚಾಗೆ ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡಿತು. ರಾತ್ರಿಯಿಡೀ ಸೊಂಟ ಹಿಡಿದುಕೊಂಡು ನಡುಮನೆಯಲ್ಲಿ ಓಡಾಡಿದರು. ಬೆಳಗಾಗುವಷ್ಟರಲ್ಲಿ ಯಾರೋ ವಾಟ್ಸಾಪ್‌ನಲ್ಲಿ ಕಳಿಸಿದ್ದರು: ಬಿ.ಪಿ.ಗೆ ಕೊಡುವ ಬೀಟಾ ಬ್ಲಾಕರ್ ಮಾತ್ರೆ ಕಲ್ಲನ್ನು ಹೊರಗೆ ತಳ್ಳುತ್ತದಂತೆ, ಸಂಶೋಧನೆ ಆಗಿದೆಯಂತೆ. ಅಬ್ಬಾ ತೆಗೆದುಕೊಳ್ಳುವುದು ಅದೇ ಬಗೆಯ ಮಾತ್ರೆ. ಚಾಚಾ ಅಬ್ಬಾನ ಡಬ್ಬಿಗೆ ಕೈ ಹಾಕಿದರು. ಅಮ್ಮಿ ಕಿತ್ತುಕೊಂಡರು, ಯಾಕೆಂದರೆ ಚಾಚಾಗೆ ಉಬ್ಬಸ ಇದೆ. ಬೀಟಾ ಬ್ಲಾಕರ್‌ಗಳಲ್ಲಿ ಕೆಲವು ಉಸಿರಿನ ನಾಳವನ್ನೂ ಬಿಗಿಯುತ್ತವೆ. ಉಬ್ಬಸ ಇದ್ದವರ ಜೀವಕ್ಕೇ ಅಪಾಯ.

ಆ ಸಂದೇಶ ಪೂರ್ತಿ ಸುಳ್ಳಲ್ಲ, ತೊಂದರೆ ಇರುವುದೇ ಅಲ್ಲಿ. ಮೂತ್ರನಾಳದ ಸ್ನಾಯುವಿನಲ್ಲಿ ಬೀಟಾ ಗ್ರಾಹಕಗಳಿವೆ. ಅವು ಕೆಲಸ ಮಾಡಿದರೆ ನಾಳ ಸಡಿಲವಾಗುತ್ತದೆ. ತಡೆದರೆ ಹೆಚ್ಚು ಹಿಂಡಬಹುದು, ಕಲ್ಲು ಮುಂದೆ ಹೋಗಬಹುದು ಎಂಬುದು ಯೋಚನೆ. ಆದರೆ ಡಾಕ್ಟರು ಸಾಮಾನ್ಯವಾಗಿ ಬರೆದುಕೊಡುವ ಟ್ಯಾಮ್ಸುಲೋಸಿನ್ ಇದಕ್ಕೆ ಉಲ್ಟಾ, ಅದು ಆಲ್ಫಾ ಬ್ಲಾಕರ್, ನಾಳವನ್ನು ಸಡಿಲಿಸುತ್ತದೆ. ಒಂದು ಹಿಂಡು ಎನ್ನುತ್ತದೆ, ಇನ್ನೊಂದು ಬಿಡು ಎನ್ನುತ್ತದೆ. ಕೇಳುವುದಕ್ಕೆ ಎರಡೂ ಸರಿ!

ಕಾಮರ್ಸ್ ಹುಡುಗಿಗೆ ಇದೆಲ್ಲ ಯಾಕೆ ಎಂದು ಸೈನ್ಸ್ ಗೆಳತಿಯರು ನಗಬಹುದು. ಆದರೆ ಜಮಾ ಮಾತ್ರ ಬರೆದು ಖರ್ಚು ಬರೆಯದಿದ್ದರೆ ನಮ್ಮ ಅಕೌಂಟೆನ್ಸಿ ಮೇಡಂ ಪುಸ್ತಕವನ್ನೇ ವಾಪಸ್ ಕೊಡುತ್ತಾರೆ. ಔಷಧಿಯ ವಿಷಯದಲ್ಲಿ ಮಾತ್ರ ನಾವೆಲ್ಲ ಒಂದೇ ಕಡೆ ಓದುತ್ತೇವೆ. ನುಂಗಿದವರಿಗೆ ಕಲ್ಲು ಬಿತ್ತು, ಸರಿ. ನುಂಗದವರಿಗೆ?

2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಬ್ರಿಟನ್ನಿನ ಅಧ್ಯಯನ ಇದನ್ನೇ ಕೇಳಿತು. 24 ಆಸ್ಪತ್ರೆಗಳ 1,167 ರೋಗಿಗಳು. ಕೆಲವರಿಗೆ ಟ್ಯಾಮ್ಸುಲೋಸಿನ್, ಕೆಲವರಿಗೆ ನಿಫೆಡಿಪಿನ್, ಉಳಿದವರಿಗೆ ಔಷಧವೇ ಇಲ್ಲದ ಹುಸಿ ಗುಳಿಗೆ. ನಾಲ್ಕು ವಾರದಲ್ಲಿ ಬೇರೆ ಚಿಕಿತ್ಸೆ ಬೇಕಾಗದವರು ಶೇ. 81, ಶೇ. 80, ಹುಸಿ ಗುಳಿಗೆಯವರಲ್ಲೂ ಶೇ. 80! ಸ್ವಲ್ಪ ದೊಡ್ಡ ಕಲ್ಲಿಗೆ ಟ್ಯಾಮ್ಸುಲೋಸಿನ್ ಪ್ರಯೋಜನವಿದೆ ಎಂದು ಆಮೇಲಿನ ಅಧ್ಯಯನಗಳು ತೋರಿಸಿವೆ, ಹಾಗಾಗಿ ಡಾಕ್ಟರು ಕೊಟ್ಟಿದ್ದನ್ನು ಬಿಸಾಡಬೇಡಿ. ವರ್ಷಗಟ್ಟಲೆ ಬಳಸಿದ ಮಾತ್ರೆಯ ಲೆಕ್ಕವೇ ಹೀಗಿರುವಾಗ, ಬರೀ ಒಂದು ಯೋಚನೆಯನ್ನು ನಂಬಿ ಅಣ್ಣನ ಮಾತ್ರೆ ತಮ್ಮ ನುಂಗುವುದೇ?

ಚಾಚಾನ ಕಲ್ಲು ಹನ್ನೊಂದನೇ ದಿನ ಬಿತ್ತು. ಡಾಕ್ಟರ ಮಾತ್ರೆಯಿಂದ ಎಂದು ಅಬ್ಬಾ, ದುವಾದಿಂದ ಎಂದು ದಾದಿ. ತಾನು ಕುಡಿಸಿದ ಬಾಳೆದಿಂಡಿನ ರಸದಿಂದಲೇ ಎಂದು ಫುಪ್ಪಿ ಈಗಲೂ ಬಂದವರಿಗೆಲ್ಲ ಹೇಳುತ್ತಿದ್ದಾರೆ.